ಅವ್ವ ಹೊತ್ತ ಹರಕೆ

ಅವ್ವನ ಟ್ರಂಕಿನ ತಳದಲ್ಲಿ, ಬೇವಿನೆಲೆಗಳ ನಡುವೆ, ಒಂದು ಬಿಳಿ ಬಟ್ಟೆ ಇರುತ್ತಿತ್ತು. ವರ್ಷಕ್ಕೊಮ್ಮೆ ಬಿಸಿಲು ಕಂಡು ಮತ್ತೆ ಒಳಗೆ ಹೋಗುತ್ತಿತ್ತು. ಅದು ನನ್ನದೆಂದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಒಂಬತ್ತು ತಿಂಗಳ ಕೂಸಿದ್ದಾಗ ನಾನು ಜ್ವರ ಬಂದು ಕಣ್ಣು ತೇಲಿಸಿಬಿಟ್ಟಿದ್ದೆನಂತೆ. "ಇವಳು ಉಳಿದ್ರೆ ನಿನಗೇ ಕೊಡ್ತೀನಿ ತಾಯಿ" ಎಂದು ಅವ್ವ ಮಾತೆ ಮರಿಯಮ್ಮನ ಮುಂದೆ ಹರಕೆ ಹೊತ್ತಳು. ನಾನು ಉಳಿದೆ. ಮುಂದೆ ನಾನು ಸನ್ಯಾಸಿನಿಯಾಗಲು ಕನ್ಯಾಮಠ ಸೇರುವಾಗ ಉಡುಪು ಹೊಲಿಸಲೆಂದು ಆ ಬಟ್ಟೆ ತಂದಿಟ್ಟಳು.

ಹದಿನೆಂಟು ತುಂಬಿತು. ಮಠದಿಂದ ಕಾಗದವೂ ಬಂತು. ನನಗೆ ದೇವರ ಮೇಲೆ ಮುನಿಸೇನೂ ಇರಲಿಲ್ಲ. ಗಂಡ, ಮಕ್ಕಳು, ನನ್ನದೇ ಒಂದು ಒಲೆ ಬೇಕಿತ್ತು, ಅಷ್ಟೇ. ಹೇಳಿದರೆ ಅವ್ವನ ಎದೆ ಒಡೆಯುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮಠ ಸೇರಲು ನಮ್ಮ ಚರ್ಚಿನ ಗುರುಗಳ ಪತ್ರ ಬೇಕಿತ್ತು. ಫಾದರ್ ಇನ್ನಾಸಪ್ಪ, ಅವರ ನಿಯಮದ ಪುಸ್ತಕ ಎಂದರೆ ಊರಿಗೇ ನಡುಕ. ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ನೀರಲ್ಲದೆ ಏನೂ ಬಾಯಿಗೆ ಹೋಗಬಾರದು. ಕಾಫಿ ಕುಡಿದು ಸಾಲಿನಲ್ಲಿ ನಿಂತವರನ್ನು ಅವರ ಮೂಗೇ ಪತ್ತೆ ಹಚ್ಚುತ್ತಿತ್ತು. ಇಂಥವರ ಕೈಗೆ ಸಿಕ್ಕ ಮೇಲೆ ನನ್ನ ಕತೆ ಮುಗಿಯಿತು ಎಂದುಕೊಂಡೇ ಅವ್ವನ ಹಿಂದೆ ಹೋದೆ.

ಫಾದರ್ ಅವ್ವನನ್ನು ಜಗಲಿಯಲ್ಲಿ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು.

"ನಿನಗೆ ಇಷ್ಟ ಇದೆಯೇನಮ್ಮ? ಕೇಳದೆ ಪತ್ರ ಬರೆಯೋ ಹಾಗಿಲ್ಲ."

ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಅಳು ಒತ್ತರಿಸಿ ಬಂತು. "ಇಲ್ಲ ಫಾದರ್" ಎಂದೆ.

ಅವರು ಬೈಯಲಿಲ್ಲ. ಆ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಅವ್ವನನ್ನು ಕರೆದರು.

"ಲೂರ್ದಮ್ಮ, ಇದು ಧರ್ಮಸಭೆಯ ನಿಯಮ. ಹರಕೆ ಅನ್ನೋದು ಹೊತ್ತವರನ್ನ ಮಾತ್ರ ಕಟ್ಟುತ್ತೆ. ಹೊತ್ತಿದ್ದು ಯಾರು?"

"ನಾನೇ ಫಾದರ್."

"ಹಾಗಾದ್ರೆ ಮಠಕ್ಕೆ ನೀನೇ ಹೊರಡು. ನಿಮ್ಮ ಯಜಮಾನ್ರಿಗೆ ನಾನು ಹೇಳ್ತೀನಿ."

ಅವ್ವ ನಗಲಿಲ್ಲ. ಸೆರಗನ್ನು ಹಿಂಡುತ್ತ, "ನಾನು ಮಾತು ತಪ್ಪಿದೆ ಅಂತ ಆ ತಾಯಿ ಕೂಸನ್ನ ವಾಪಸ್ ತಗೊಂಡ್ರೆ?" ಎಂದಳು.

ಆಗ ತಿಳಿಯಿತು ನನಗೆ. ಹಟಮಾರಿ ಎಂದು ನಾನು ಒಳಗೊಳಗೇ ಬೈದುಕೊಂಡಿದ್ದ ಅವ್ವ ಇಷ್ಟು ವರ್ಷವೂ ನನ್ನನ್ನು ಹೆದರಿಕೊಂಡೇ ಸಾಕಿದ್ದಳು.

ಫಾದರ್ ದನಿ ಮೆತ್ತಗಾಯಿತು. "ಅವಳೂ ಹೆತ್ತವಳು ಕಣಮ್ಮ. ಹರಕೆ ಬದಲಿಸೋ ಅಧಿಕಾರ ನನಗಿದೆ, ಬದಲಿಸಿದೀನಿ. ಮಗಳು ನಿನ್ನ ಸ್ವತ್ತಲ್ಲ. ನಿನ್ನದೇನಿದೆಯೋ ಅದನ್ನ ಕೊಡು."

ಮನೆಗೆ ಬಂದವಳೇ ಅವ್ವ ಟ್ರಂಕು ತೆರೆದಳು. ಮೂರು ತಿಂಗಳು ಕೂತು ಆ ಬಟ್ಟೆಗೆ ಕಸೂತಿ ಹಾಕಿ, ಚರ್ಚಿನ ಬಲಿಪೀಠಕ್ಕೆ ಹೊದಿಕೆ ಮಾಡಿದಳು. ಮರುವರ್ಷ ಅದೇ ಪೀಠದ ಮುಂದೆ ನನ್ನ ಮದುವೆಯಾಯಿತು.

ಅವ್ವ, ಫಾದರ್ ಇಬ್ಬರೂ ಈಗಿಲ್ಲ. ಊರೆಲ್ಲ ಹೆದರುತ್ತಿದ್ದ ಆ ಪುಸ್ತಕದಿಂದಲೇ ಅವ್ವನಿಗೂ ನನಗೂ ಬಿಡುಗಡೆ ಸಿಕ್ಕಿತು. ಅದನ್ನು ತೆರೆದ ಕೈಯನ್ನು ನೆನೆಯದೆ ನಾನು ಒಂದು ದಿನವೂ ಮಲಗಿಲ್ಲ.

ಪ್ರತಿ ಶನಿವಾರ ಆ ಹೊದಿಕೆಯನ್ನು ಮನೆಗೆ ತಂದು ಒಗೆದು, ಬಿಸಿಲಿಗೆ ಹರವಿ, ಇಸ್ತ್ರಿ ಮಾಡಿ, ಸಂಜೆ ಪೀಠದ ಮೇಲೆ ಹಾಸಿ ಬರುತ್ತೇನೆ. ಹಾಗೆ ಮಾಡೆಂದು ಯಾವ ನಿಯಮವೂ ಇಲ್ಲ.