ಅಂಕಿಯ ಮುಂದಿನ ಚುಕ್ಕಿ

ಬೆಚ್ಚಗಿರುವ ಎಂಜಿನ್ನನ್ನು ಲಕ್ಷ್ಮಣಾಚಾರ್ ಪರೀಕ್ಷಿಸುವುದಿಲ್ಲ. ಹಳೆಯ ಕಾರು ಕೊಳ್ಳಲು ಹೊರಟವರು ಅವರನ್ನು ಜೊತೆಗೆ ಕರೆದುಕೊಂಡು ಹೋದಾಗ, ಮಾರುವವನು ಎಷ್ಟೇ ಉಪಚಾರದ ಮಾತಾಡಲಿ, ಮುಂದಿಟ್ಟ ಕಾಫಿ ಎಷ್ಟೇ ಘಮಘಮಿಸಲಿ, ಅವರು ಮೊದಲು ಮಾಡುವುದು ಒಂದೇ ಕೆಲಸ: ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಎಡಗೈಯನ್ನು ಬಾನೆಟ್ಟಿನ ಮೇಲಿಟ್ಟು, ಕಣ್ಣು ಮುಚ್ಚಿ ನಿಲ್ಲುವುದು. ತಣ್ಣಗಿದ್ದರೆ ಕಾಫಿ ಕುಡಿಯುತ್ತಾರೆ. ಬೆಚ್ಚಗಿದ್ದರೆ ಲೋಟವನ್ನೂ ಮುಟ್ಟದೆ ತಿರುಗಿ ನಡೆಯುತ್ತಾರೆ.

ಇದರ ರುಚಿ ನನಗೂ ಸಿಕ್ಕಿದೆ. ಪಾಂಡವಪುರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಚರಿತ್ರೆ ಪಾಠ ಮಾಡಿ, ಬಸ್ಸಿನ ಕಂಬಿ ಹಿಡಿದು ಹಿಡಿದು ಬೇಸತ್ತು, ಶ್ರೀರಂಗಪಟ್ಟಣದಲ್ಲೊಂದು ಹಳೆಯ ಕಾರು ನೋಡಿ ಮನಸೋತಿದ್ದೆ. ಮೂರು ಸಲ ಹೋಗಿ ಅದಕ್ಕೆ ಪ್ರದಕ್ಷಿಣೆ ಹಾಕಿ ಬಂದಿದ್ದೆ. ಸಹೋದ್ಯೋಗಿಗಳ ಒತ್ತಾಯಕ್ಕೆ, ಶಾಸ್ತ್ರಕ್ಕೊಂದು ಸಲ ಇರಲಿ ಎಂದು, ಆಚಾರ್ರನ್ನು ಕರೆದೊಯ್ದೆ. ಬೆಳಗಿನ ಏಳು ಗಂಟೆ. ಅಂಗೈ ಇಟ್ಟರು, ತೆಗೆದರು. "ಮೇಷ್ಟ್ರೆ, ನಾವು ಬರೋ ವತ್ಗೆ ಎಬ್ಬಿಸಿ, ಮಕ ತೊಳ್ಸಿ ಕೂರಿಸ್ಬುಟ್ಟವ್ರೆ. ಬನ್ನಿ ಓಗವ" ಎಂದರು. ಎಷ್ಟು ಗೋಗರೆದರೂ ನಿಲ್ಲಲಿಲ್ಲ. ಸಿಟ್ಟಿನಲ್ಲಿ ನಾನು ದಾರಿಯುದ್ದಕ್ಕೂ ಮಾತು ಬಿಟ್ಟೆ. ಆಮೇಲೆ ಅದೇ ಕಾರನ್ನು ಕೊಂಡ ಪುಣ್ಯಾತ್ಮರೊಬ್ಬರು ಚಳಿಗಾಲದ ಬೆಳಗುಗಳಲ್ಲಿ ಮನೆಮಂದಿಯನ್ನೆಲ್ಲ ಬೀದಿಗೆ ಕರೆದು ಅದನ್ನು ತಳ್ಳಿಸುವುದನ್ನು ಕಣ್ಣಾರೆ ನೋಡಿ, ಆಚಾರ್ರ ಮನೆ ಹುಡುಕಿಕೊಂಡು ನಾನೇ ಹೋದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವರದೊಂದು ಕಂದು ಕೋಟಿದೆ. ಮದುವೆಯಲ್ಲಿ ಮಾವನ ಮನೆಯವರು ಹೊಲಿಸಿಕೊಟ್ಟದ್ದು. ಅದರ ಎಡತೋಳು ಮೊಣಕೈವರೆಗೆ ಎಣ್ಣೆ ಕುಡಿದು ಕುಡಿದು ಕರಿಯ ಚರ್ಮದಂತಾಗಿದೆ. ಬಲತೋಳು ಮಾತ್ರ ಇಂದಿಗೂ ಮದುವೆಯ ದಿನದಷ್ಟೇ ಮರ್ಯಾದಸ್ಥ. ಎಂಜಿನ್ನಿನ ಸಂದಿಗೊಂದಿಗಳಿಗೆ ಇಳಿಯುವುದು ಎಡಗೈ; ಬಲಗೈ ಜೇಬು ಕಾಯುತ್ತದೆ. ಆ ಜೇಬಿನಲ್ಲಿ ಸೀಮೆಎಣ್ಣೆಯ ಚಿಂದಿಬಟ್ಟೆ, ಉದ್ದ ಹಿಡಿಯ ಪುಟ್ಟ ಕನ್ನಡಿ, ಒಂದು ಮೊಂಡು ಪೆನ್ಸಿಲ್ಲು, ತೆಳುಕಾಗದದ ಕಟ್ಟು ಇರುತ್ತವೆ. ಎಡಭುಜವನ್ನು ತುಸು ಇಳಿಬಿಟ್ಟು, ತಲೆಯನ್ನೂ ಅದೇ ಕಡೆಗೆ ವಾಲಿಸಿ, ನೆಲದೊಳಗೆ ಎಲ್ಲೋ ಏನೋ ಓಡುತ್ತಿರುವ ಸದ್ದನ್ನು ಆಲಿಸುವವರ ಹಾಗೆ ನಡೆಯುತ್ತಾರೆ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಆ ಕೋಟು ಮೈಯಿಂದ ಇಳಿದದ್ದನ್ನು ನಾನು ಕಂಡಿರುವುದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ಹಳೆಯ ಗಾಡಿಗಳ ಲೋಕದಲ್ಲಿ ಹೊರಗಿನ ಮೈಗೂ ಒಳಗಿನ ಎಂಜಿನ್ನಿಗೂ ನೆಂಟಸ್ತಿಕೆ ಇರಲೇಬೇಕೆಂಬ ನಿಯಮವಿಲ್ಲ. ಒಂದರ ಎಂಜಿನ್ನು ಕೆಟ್ಟು ಕೂತಾಗ ಇನ್ನೊಂದರದ್ದನ್ನು ತಂದು ಕೂರಿಸುತ್ತಾರೆ. ಹೊಸ ಬಣ್ಣದ ಕೆಳಗೆ ಹಳೆಯ ಸಂಸಾರಗಳು ಸದ್ದಿಲ್ಲದೆ ಅದಲುಬದಲಾಗಿರುತ್ತವೆ. ಒಳಗಿರುವುದು ಯಾವ ಎಂಜಿನ್ನು, ಯಾವ ಕಾಲದ್ದು, ಈ ಗಾಡಿಯ ಜೊತೆಯಲ್ಲೇ ಹುಟ್ಟಿದ್ದೋ ಬೇರೆ ಕಡೆಯಿಂದ ಬಂದದ್ದೋ ಎಂದು ಹೇಳುವುದೇ ಆಚಾರ್ರ ವಿದ್ಯೆ. ಅದಕ್ಕೆ ಅವರದೇ ಪರಿಭಾಷೆಯೂ ಉಂಟು. ಗಾಡಿಯ ಜೊತೆಗೇ ಬಂದ ಎಂಜಿನ್ನು "ಮನೆಮಗಳು". ಹೊರಗಿಂದ ತಂದು ಕೂರಿಸಿದ್ದು "ಸೊಸೆ". ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿ ಆಲಿಸಿ, ಕನ್ನಡಿ ಇಳಿಸಿ ಎರಕದಲ್ಲಿ ಮೂಡಿದ ಅಕ್ಷರಗಳನ್ನು ಓದಿ, ನಂಬರಿನ ಮೇಲೆ ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಕೊನೆಗೆ ತೀರ್ಪು ಕೊಡುತ್ತಾರೆ: "ಸೊಸೆ ಕಣವ್ವ. ತಪ್ಪೇನಿಲ್ಲ, ಬಾಳ್ತಾಳೆ. ಆರ್‌ಸಿ ಬುಕ್ಕಲ್ಲಿ ಎಸ್ರು ಬರ್ಸವ್ರಾ ಕೇಳು, ಅಷ್ಟೆಯ."

ಒಮ್ಮೆ ಈ ಪರಿಭಾಷೆಯನ್ನು ಅವರು ನನಗೆ ವಿವರಿಸುತ್ತಿದ್ದಾಗ, ಒಳಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದ ಹೆಂಡತಿ ನಾಗಲಕ್ಷ್ಮಮ್ಮ, "ಮೂವತ್ತೊರ್ಸದಿಂದ ಈ ಮನೆ ಎಳೀತಾ ಇರೋದೂ ಸೊಸೇನೆಯ. ಅದ ಯಾವ್ ಬುಕ್ಕಲ್ಲಿ ಬರ್ಸವ್ರೋ ಕೇಳಿ ಮೇಷ್ಟ್ರೆ" ಎಂದರು. ಆಚಾರ್ರು ಎದ್ದು ಹೋಗಿ ನನಗೊಂದು ಚೊಂಬು ನೀರು ತಂದುಕೊಟ್ಟರು.

ಆ ಚೊಂಬಿನ ಮೇಲೆ ಹೆಸರು ಕೊರೆದಿತ್ತು. ಹೆಸರಿನ ಮುಂದೆ, ಎಳ್ಳುಕಾಳಿನಷ್ಟು ಒಂದು ಚುಕ್ಕಿ. ಕೇಳಿದೆ. ಅವರ ತಂದೆ ಕುಲುಮೆಯಲ್ಲಿ ಕುಡುಗೋಲು ಮಚ್ಚು ಬಡಿಯುವುದರ ಜೊತೆಗೆ, ಸುತ್ತಲ ಊರುಗಳ ಮದುವೆ ಪಾತ್ರೆಗಳಿಗೆ ಹೆಸರು ಹಾಕಿಕೊಡುತ್ತಿದ್ದರಂತೆ. ಉಳಿಯ ಮೊದಲ ಏಟು ಯಾವ ಮನುಷ್ಯನ ಹೆಸರಿಗೂ ಸಲ್ಲಬಾರದು, ಅದು ಕಾಳಮ್ಮನಿಗೆ ಎಂಬುದು ಆ ಮನೆಯ ಕಟ್ಟಳೆ. ಆದ್ದರಿಂದ ಮೊದಲು ಚುಕ್ಕಿ, ಆಮೇಲೆ ಅಕ್ಷರ. "ಏಳ್ನೇ ವಯಸ್ಗೆ ಉಳಿ ಕೊಟ್ಟಿದ್ರು ನಮ್ಮಪ್ಪ. ಚುಕ್ಕಿ ಇಡ್ದೆ ನನ್ ಕೈ ಏಳೋದೇ ಇಲ್ಲ" ಎಂದು ಆಚಾರ್ರು ನಕ್ಕಿದ್ದರು.

ಇಷ್ಟು ಸಾಧುವಾದ ಮನುಷ್ಯನಿಗೆ ಕೋಪ ಬರುತ್ತಿದ್ದುದು ಒಂದೇ ಕಾರಣಕ್ಕೆ. ಒಂದು ಎಂಜಿನ್ನಿನ ನಿಜವಾದ ನಂಬರನ್ನು ಅರದಿಂದ ಉಜ್ಜಿ ಅಳಿಸಿ, ಅದರ ಮೇಲೆ ಬೇರೆ ನಂಬರು ಹೊಡೆದು, ಸೊಸೆಯನ್ನು ಮನೆಮಗಳೆಂದು ಕೂರಿಸಿದ್ದು ಕಂಡರೆ ಅವರು ಅವರಾಗಿರುತ್ತಿರಲಿಲ್ಲ. ನಾಗಮಂಗಲದಲ್ಲಿ ಒಮ್ಮೆ ಅಂಥದ್ದನ್ನು ಹಿಡಿದು, ಮಾರುವವನ ಮನೆಯ ಮುಂದೆಯೇ, ಕೇಳುವವರು ಕಿವಿ ಮುಚ್ಚಿಕೊಳ್ಳಬೇಕು, ಹಾಗೆ ಶಾಪ ಹಾಕಿದರು. ಆ ಕೋಪ ಅಳತೆ ಮೀರಿದ್ದು ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಒಳ್ಳೆಯವರ ಕೋಪಕ್ಕೆ ಕಾರಣ ಹುಡುಕುವ ಅಭ್ಯಾಸ ನಮಗಿಲ್ಲ.

ನಮ್ಮ ಕಾಲೇಜಿನ ಗೇಟಿನೆದುರು ತಳ್ಳುಗಾಡಿಯಲ್ಲಿ ಇಡ್ಲಿ ಮಾರುವ ಕ್ಯಾತನಹಳ್ಳಿಯ ಪ್ರಮೀಳಾ, ಕಳೆದ ಸಂಕ್ರಾಂತಿಯ ನಂತರ, ಮನೆಯ ಎರಡು ಹಸುಗಳನ್ನು ಮಾರಿ ಒಂದು ಹಳೆಯ ವ್ಯಾನು ಕೊಳ್ಳಲು ಹೊರಟಳು. ವ್ಯಾನಿದ್ದರೆ ವಾರದ ದಿನ ಇಲ್ಲಿ, ಶನಿವಾರ ಕರಿಘಟ್ಟದ ಬೆಟ್ಟದ ಬುಡದಲ್ಲಿ ವ್ಯಾಪಾರ ಎಂದು ಅವಳ ಲೆಕ್ಕ. ಕೆ.ಆರ್. ಪೇಟೆಯ ತಿಮ್ಮರಾಜು ಎಂಬವರ ಬಳಿ ಒಂದು ಬಿಳಿ ವ್ಯಾನಿತ್ತು. "ಆಚಾರ್ರು ಊ ಅಂದ್ರೆ ತಗೋತೀನಿ, ಊಹೂ ಅಂದ್ರೆ ಬುಡ್ತೀನಿ ಸಾರ್" ಎಂದಳು. ಒಂದು ಬೆಳಿಗ್ಗೆ ಅವರಿಬ್ಬರನ್ನೂ, ಆಮೇಲೆ ಆಚಾರ್ರೇ ಆರಿಸಿಕೊಟ್ಟಿದ್ದ ನನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ.

ವ್ಯಾನು ತಣ್ಣಗಿತ್ತು. ಆಚಾರ್ರು ಕಾಫಿ ಕುಡಿದರು. ಅಂಥ ವ್ಯಾನಿನ ಎಂಜಿನ್ನು ಮುಂದಿನ ಸೀಟಿನ ಕೆಳಗಿರುತ್ತದೆ. ತಿಮ್ಮರಾಜು ಸೀಟು ಎತ್ತಿಕೊಟ್ಟರು. ಹೆಂಡತಿ ಮಕ್ಕಳು, ಅಕ್ಕಪಕ್ಕದ ನಾಲ್ಕಾರು ಜನ ಸುತ್ತ ನಿಂತರು. ಸ್ಕ್ರೂಡ್ರೈವರು ಕಿವಿಗೆ ಹೋಯಿತು, ಕನ್ನಡಿ ಕೆಳಗಿಳಿಯಿತು. ಆಚಾರ್ರ ಹುಬ್ಬು ಗಂಟಾಯಿತು. ವ್ಯಾನು ತಯಾರಾಗಿ ಎರಡು ವರ್ಷವಾದ ಮೇಲೆ ಈ ಎಂಜಿನ್ನಿನ ಎರಕ ಹೊಯ್ದಿದ್ದಾರೆ. ಆದರೂ ನಂಬರು ಮಾತ್ರ ಬುಕ್ಕಿನಲ್ಲಿರುವುದೇ.

"ಸೊಸೆ ಇವ್ಳು. ನಂಬ್ರ ಉಜ್ಜಿ ಒಡ್ದವ್ರೆ" ಎಂದು ಸಿಡಿದು ಎದ್ದರು. "ಇದ ಒಡ್ದೋನ ಕೈ ಸೇದೋಗ! ಅವ್ನಿಗೆ ಅನ್ನ ಉಟ್ದೆ ಓಗ್ಲಿ!"

ತಿಮ್ಮರಾಜು ಬಿಳಿಚಿಕೊಂಡರು. "ಅಯ್ಯೋ, ನಂಗೇನೂ ಗೊತ್ತಿಲ್ಲ ಆಚಾರ್ರೆ. ಮೂರೊರ್ಸದ ಹಿಂದೆ ಬುಕ್ಕು ನೋಡ್ಕಂಡು ತಗಂಡಿದ್ದು. ದೇವ್ರಾಣೆಗೂ ನಾ ಮಾಡ್ಸಿಲ್ಲ." ಅಕ್ಕಪಕ್ಕದವರು ಅವರನ್ನು ನೋಡಿದ ನೋಟದಲ್ಲಿ ನಂಬಿಕೆ ಇರಲಿಲ್ಲ. ತಿಮ್ಮರಾಜುವಿನ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಸಾಕ್ಷಿಗಿರಲಿ ಎಂದು ಆಚಾರ್ರು ಚಿಂದಿಯಿಂದ ನಂಬರಿನ ಜಾಗವನ್ನು ಇನ್ನಷ್ಟು ಒರೆಸಿ, ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಕಾಗದವನ್ನು ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಬೂದುಬಣ್ಣದ ಅಚ್ಚಿನಲ್ಲಿ ಅಂಕಿಗಳು ಸಾಲಾಗಿ ಎದ್ದಿದ್ದವು. ಮೊದಲನೆಯ ಅಂಕಿಯ ಮುಂದೆ, ಎಳ್ಳುಕಾಳಿನಷ್ಟು ಒಂದು ಚುಕ್ಕಿ.

ಅಲ್ಲಿದ್ದವರಲ್ಲಿ ಆ ಚುಕ್ಕಿಯ ಅರ್ಥ ಬಲ್ಲವರು ನಾವಿಬ್ಬರೇ. ಕಾಗದವನ್ನು ಜೇಬಿಗಿಳಿಸಿ "ಬನ್ನಿ ಓಗವ" ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರಮೀಳಾಗೆ ಮೋಸವೇನೂ ಆಗುತ್ತಿರಲಿಲ್ಲ. ಕಳ್ಳನೆಂಬ ಹೆಸರು ತಿಮ್ಮರಾಜುವಿಗೆ ಅಂಟಿಕೊಳ್ಳುತ್ತಿತ್ತು, ಅಷ್ಟೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರು ಸುಮ್ಮನಿರಲಿ ಎಂದೇ ನಾನು ಆ ಕ್ಷಣ ಬೇಡಿಕೊಂಡೆ. ನನ್ನ ಸ್ನೇಹಿತನ ಮಾನ ನನಗೆ ತಿಮ್ಮರಾಜುವಿನ ಮಾನಕ್ಕಿಂತ ದೊಡ್ಡದಾಗಿತ್ತು.

ಆಚಾರ್ರು ಕೋಟು ಬಿಚ್ಚಿದರು. ಅದನ್ನು ಮಡಿಸಿ ವ್ಯಾನಿನ ಮೆಟ್ಟಿಲ ಮೇಲಿಟ್ಟು, ಬರೀ ಬನಿಯನ್ನಿನಲ್ಲಿ ನೆಲದ ಮೇಲೆ ಕುಳಿತರು.

"ತಿಮ್ಮರಾಜಣ್ಣ, ಇದ ಒಡ್ದೋನು ನಾನೇ" ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಹದಿನಾರು ವರ್ಷದ ಹಿಂದೆ, ಮೈಸೂರಿನ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ, ಮಾಲೀಕ ಬಿಚ್ಚಿಟ್ಟ ಎಂಜಿನ್ನೊಂದನ್ನು ಮೇಜಿನ ಮೇಲಿಟ್ಟು, ಇದು ಹೊಸದು, ನಂಬರಿಲ್ಲದೆ ಬಂದಿದೆ, ಬುಕ್ಕಿನಲ್ಲಿರುವ ಹಳೆಯ ನಂಬರನ್ನೇ ಹೊಡೆದುಕೊಡು ಎಂದನಂತೆ. ನಂಬರು ಅಚ್ಚುಕಟ್ಟಾಗಿ ಹೊಡೆಯುವ ಕೈ ಆ ಶೆಡ್ಡಿನಲ್ಲಿ ಇವರದ್ದೊಂದೇ. "ಒಸ್ದಲ್ಲ ಅದು. ಅರ ಆಡ್ಸಿದ್ ಗೀರು ಕಾಣ್ತಿತ್ತು. ನೋಡ್ದೆ ಕಣಣ್ಣ, ನೋಡೀನೂ ಸುಮ್ಕಿದ್ದೆ. ನಿನ್ ಕೈ ಯಾರ್ಗೂ ಬರಾಕಿಲ್ಲ ಕಣ್ಲಾ ಅಂದ್ಬುಟ್ಟ ಅವ್ನು. ಆ ಒಂದ್ ಮಾತ್ಗೆ ಒಡ್ದೆ." ಆಮೇಲೆ, "ಅವತ್ತೂ ಅಮ್ಮನ್ಗೆ ಚುಕ್ಕಿ ಇಟ್ಟೇ ಒಡ್ದಿವ್ನಿ, ನೋಡಿ" ಎಂದು ಕಾಗದವನ್ನು ತಿಮ್ಮರಾಜುವಿನ ಕೈಗೆ ಕೊಟ್ಟರು.

ತಿಮ್ಮರಾಜು ಕಾಗದ ನೋಡಿದರು. ಮಗಳ ಕಡೆ ನೋಡಿದರು. ಬಯ್ಯಲು ಬಾಯಿ ತೆರೆದವರು, ಯಾಕೋ, ಕಾಗದವನ್ನು ಹಿಂದಿರುಗಿಸಿ ಹೆಂಡತಿಗೆ "ಒಂಚೂರ್ ನೀರ್ ತಗಂಬಾ" ಎಂದರು.

ವಾಪಸು ಹೊರಟೆವು. ಪ್ರಮೀಳಾ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು; ಹಸು ಮಾರಿಯೂ ವ್ಯಾನಿಲ್ಲದ ಹೆಂಗಸು. ಆಚಾರ್ರು ಕೋಟನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. ಪಾಂಡವಪುರ ಹತ್ತಿರ ಬಂದಾಗ, "ನನ್ ಮಾತ್ ನಂಬ್ಕಂಡ್ ಬಂದಿದ್ದೆ ಕಣವ್ವ ನೀನು. ಮುಂದಿನ್ ಗಾಡಿ ಇನ್ಯಾರ್ಗಾದ್ರೂ ತೋರ್ಸು" ಎಂದರು.

ಪ್ರಮೀಳಾ ತಿರುಗಿ ನೋಡಿದಳು. "ಬ್ಯಾರೆಯೋರು ವ್ಯಾನಲ್ ತಪ್ಪಿದ್ರೆ ಏಳ್ತಾರೆ. ತಮ್ ತಪ್ಪ ಏಳೋರ್ನ ನಾನೆಲ್ಲಿ ಉಡ್ಕ್ಲಣ್ಣ? ನೀವೇ ಬರ್ಬೇಕು" ಎಂದಳು.

ಮರುದಿನ ಆಚಾರ್ರು ತಿಮ್ಮರಾಜುವಿನ ಜೊತೆಗೆ ಆರ್‌ಟಿಒ ಕಚೇರಿಗೆ ಹೋಗಿ, ತಾವು ಮಾಡಿದ್ದನ್ನು ಬರೆದುಕೊಟ್ಟು ಬಂದರು. ಆ ವಿಚಾರಣೆ ಇನ್ನೂ ಮುಗಿದಿಲ್ಲ. ಕರೆದ ದಿನ ಕೋಟು ಹಾಕಿಕೊಂಡು ಹೋಗಿ ನಿಂತು ಬರುತ್ತಾರೆ. ಸುದ್ದಿ ಹರಡಿದ ಮೇಲೆ ಒಂದೆರಡು ತಿಂಗಳು ಅವರ ಮನೆಯತ್ತ ಯಾರೂ ಸುಳಿಯಲಿಲ್ಲ. ಸುಳಿದವಳು ಪ್ರಮೀಳಾ ಒಬ್ಬಳೇ. ಅವಳಿಗೆ ಯುಗಾದಿಯ ಹೊತ್ತಿಗೆ ಪಾಲಹಳ್ಳಿಯಲ್ಲೊಂದು ವ್ಯಾನು ಸಿಕ್ಕಿತು. ಅದರೊಳಗಿರುವುದೂ ಸೊಸೆಯೇ, ಆದರೆ ಬುಕ್ಕಿನಲ್ಲಿ ಹೆಸರಿರುವ ಸೊಸೆ. ಈಗ ಶನಿವಾರಗಳಂದು ಕರಿಘಟ್ಟದ ಬುಡದಲ್ಲಿ ಅವಳ ಇಡ್ಲಿ ಹಬೆಯಾಡುತ್ತದೆ. ಜನರೂ ಒಬ್ಬೊಬ್ಬರಾಗಿ ಆಚಾರ್ರನ್ನು ಹುಡುಕಿಕೊಂಡು ಬರತೊಡಗಿದ್ದಾರೆ.

ಆದರೆ ಅವರ ಕ್ರಮ ಬದಲಾಗಿದೆ. ಈಗ ಎಡಗೈ ಬಾನೆಟ್ಟಿಗೆ ಹೋಗುವ ಮೊದಲು ಬಲಗೈ ಜೇಬಿಗೆ ಹೋಗುತ್ತದೆ. ನಾಲ್ಕು ಮಡಿಕೆಯ ಆ ತೆಳುಕಾಗದವನ್ನು ತೆಗೆದು ಬಂದವರ ಕೈಗಿಟ್ಟು, "ಮೊದ್ಲು ಇದ ನೋಡಿ. ನಾ ಒಡ್ದಿದ್ ಕಳ್ಳ ನಂಬ್ರ. ಇಷ್ಟಾದ್ ಮೇಲೂ ನನ್ ಮಾತು ಬೇಕು ಅಂದ್ರೆ ಗಾಡಿ ತೋರ್ಸಿ" ಎನ್ನುತ್ತಾರೆ. ಶಾಪ ಹಾಕುವುದನ್ನು ಪೂರ್ತಿ ಬಿಟ್ಟಿದ್ದಾರೆ.

ನಾನು ಚರಿತ್ರೆಯ ಮೇಷ್ಟ್ರು. ಅಳಿಸಿ ಬರೆದ ಹೆಸರುಗಳ ನಡುವೆಯೇ ಬದುಕು ಕಳೆದವನು. ಅಧಿಕಾರವಿದ್ದವರು, ಓದಿದವರು, ನಮ್ಮಂಥ ಜಾಣರು, ತಪ್ಪು ಮಾಡುವಾಗ ಮೊದಲು ನೋಡಿಕೊಳ್ಳುವುದು ಅದರ ಮೇಲೆ ತಮ್ಮ ಗುರುತು ಬೀಳದಂತೆ. ಕೈಯನ್ನೇ ನಂಬಿ ಬದುಕಿದವರಿಗೆ ಆ ಜಾಣತನ ಒಲಿಯುವುದಿಲ್ಲ. ಒಳ್ಳೆಯದು ಮಾಡಲಿ, ಕೆಟ್ಟದ್ದು ಮಾಡಲಿ, ಮೊದಲ ಏಟನ್ನು ದೇವರಿಗೆ ಕೊಟ್ಟೇ ಮಾಡುತ್ತಾರೆ. ಆ ಚುಕ್ಕಿ ಎಂದೋ ಒಂದು ದಿನ ಎದ್ದು ಬಂದು ಹೆಸರು ಹಿಡಿದು ಕೂಗಿದಾಗ, ನೆರೆದವರ ಮುಂದೆಯೇ ಓಗೊಡುತ್ತಾರೆ.