ಹಿಂದೆ ಸರಿಯುವ ಸೀಟು

ನಮ್ಮ ವ್ಯಾನಿನ ಡ್ರೈವರ್ ಸೀಟು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹಿಂದೆ ಸರಿದಿರುತ್ತಿತ್ತು. ತಾನಾಗಿ ಸರಿಯಲು ಅದಕ್ಕೇನು ಕಾಲಿದೆಯೇ?

ಮೊದಮೊದಲು ನನಗಿದು ಗೊತ್ತೇ ಆಗಲಿಲ್ಲ. ಶಾಲೆಗೆ ಮಕ್ಕಳನ್ನು ಕರೆದೊಯ್ಯುವ ವ್ಯಾನು ನನ್ನ ಗಂಡನದು. ಅವರ ಮಂಡಿ ಕೈಕೊಟ್ಟಿತು, ಇನ್ನು ಕ್ಲಚ್ ತುಳಿಯಲೇಬಾರದು ಎಂದರು ಡಾಕ್ಟರು. ಆ ಮಕ್ಕಳನ್ನು ಬೇರೆಯವರ ವ್ಯಾನಿಗೆ ಬಿಟ್ಟುಕೊಡುವುದೇಕೆ, ಲೈಸೆನ್ಸ್ ತೆಗೆದುಕೊಂಡು ನಾನೇ ಓಡಿಸುತ್ತೇನೆ ಎಂದೆ. ಅತ್ತೆ ಮೂಗು ಮುರಿದರು. ತಿರುವಿನ ಹಣ್ಣಿನವನು ನಾನು ಸ್ಟೀರಿಂಗ್ ಮುಂದೆ ಕಂಡಾಗಲೆಲ್ಲ ತನ್ನ ತಳ್ಳುಗಾಡಿಯನ್ನು ಗೋಡೆಗೆ ಒತ್ತಿಕೊಳ್ಳುತ್ತಿದ್ದ. ಏನೂ ಅನ್ನದವಳು ಅಮ್ಮ ಒಬ್ಬಳೇ. ಅಳಿಯನಿಗೆ ಹುಷಾರಿಲ್ಲವೆಂದು ನಮ್ಮ ಮನೆಗೆ ಬಂದಿದ್ದ ಅವಳು, ದಿನಾ ಬೆಳಿಗ್ಗೆ ಟೀ ಕೈಗಿಟ್ಟು, ಹುಷಾರಾಗಿ ಹೋಗು ಎನ್ನುತ್ತಿದ್ದಳು.

ಖಾಲಿ ವ್ಯಾನಿನಲ್ಲಿ ಕಲಿಯತೊಡಗಿದೆ, ಶುರುವಿನಲ್ಲಿ ಚೆನ್ನಾಗಿಯೇ ಓಡಿಸಿದೆ. ಆಮೇಲೆ ಏನಾಯಿತೋ, ಕ್ಲಚ್ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಗೇರು ಕರಕರ ಅನ್ನುತ್ತಿತ್ತು, ವ್ಯಾನು ಕುಪ್ಪಳಿಸಿ ನಿಲ್ಲುತ್ತಿತ್ತು. ನಿನಗೆ ಭಯ, ಅಷ್ಟೇ ಎಂದರು ಪಕ್ಕದಲ್ಲಿ ಕೂತ ಗಂಡ. ನಾನೂ ನಂಬಿಬಿಟ್ಟೆ. ಇಂಥದ್ದನ್ನು ನಂಬಲು ನಮಗೆ ಎಷ್ಟು ಅವಸರ ನೋಡಿ. ಭಯಕ್ಕೆ ನನ್ನ ಕಾಲೇ ಗಿಡ್ಡವಾಗಿದೆ ಎಂದುಕೊಂಡೆ.

ಒಂದು ದಿನ ಹೇರ್‌ಪಿನ್ನು ಜಾರಿ ಸೀಟಿನಡಿ ಬಿತ್ತು. ತಡಕಾಡಿದಾಗ ಕಬ್ಬಿಣದ ಹಿಡಿಯೊಂದು ಸಿಕ್ಕಿತು. ಎತ್ತಿದರೆ ಸೀಟು ಮುಂದಕ್ಕೆ ಜಾರಿತು, ಕ್ಲಚ್ ಸರಿಯಾಗಿ ಪಾದದಡಿ ಬಂತು. ಮೊದಲ ದಿನವೇ ನಿನ್ನ ಕಾಲಿಗೆ ತಕ್ಕಂತೆ ಎಳೆದಿಟ್ಟಿದ್ದೆನಲ್ಲ, ಹಿಂದೆ ಹೋದದ್ದು ಹೇಗೆ ಎಂದು ಗಂಡ ನನ್ನನ್ನೇ ಕೇಳಿದರು. ಮರುದಿನ ನೋಡಿದರೆ ಮತ್ತೆ ಹಿಂದೆ.

ತಲೆಗೆ ಹುಳ ಹೊಕ್ಕಿತು. ವ್ಯಾನಿನ ಬಾಗಿಲಿಗೆ ಲಾಕ್ ಬೀಳುವುದಿಲ್ಲ, ನಿಜ. ಆದರೆ ಅದು ನಿಲ್ಲುವುದು ಗೇಟಿನ ಒಳಗೆ, ಗೇಟಿಗೆ ಒಳಗಿನಿಂದ ಬೀಗ. ಅಂದರೆ ಮನೆಯವರೇ. ಗಂಡ ಇರಬಹುದೇ? ತನ್ನ ಜಾಗದಲ್ಲಿ ಹೆಂಡತಿ ಕೂರುವುದು ಯಾವ ಗಂಡಸಿಗೆ ಹಿಡಿಸೀತು? ಮಂಡಿನೋವೇ ನಾಟಕವೋ ಏನೋ ಎಂದು ಕೂಡ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಇಲ್ಲ, ಅತ್ತೆಯೇ. ಇವತ್ತು ಎಷ್ಟು ಸಲ ನಿಂತಿತು ಎಂದು ನಗುತ್ತ ಕೇಳುವುದು ಅವರೇ ತಾನೆ? ಸೀಟನ್ನು ದಿನಾ ಮುಂದಕ್ಕೆ ಎಳೆದುಕೊಳ್ಳಬಹುದಿತ್ತು, ಎಳೆದುಕೊಂಡೆ ಕೂಡ. ಆದರೆ ಸೀಟು ಮುಟ್ಟಿದ ಕೈ ನಾಳೆ ಬ್ರೇಕು ಮುಟ್ಟದು ಎಂದು ಹೇಗೆ ನಂಬಲಿ? ಲೈಸೆನ್ಸ್ ಸಿಕ್ಕಮೇಲೆ ಹಿಂದೆ ಊರವರ ಮಕ್ಕಳು ಕೂತಿರುತ್ತಾರೆ. ಆ ಕೈ ಯಾರದೆಂದು ತಿಳಿಯದೆ ಅವರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ತೀರ್ಮಾನಿಸಿದೆ.

ಲೈಸೆನ್ಸ್ ಪರೀಕ್ಷೆಯ ಹಿಂದಿನ ಸಂಜೆ ಗಂಡನ ಡಬ್ಬಿಯಿಂದ ಕರಿ ಗ್ರೀಸು ತೆಗೆದು ಹಿಡಿಗೆ ದಪ್ಪಗೆ ಬಳಿದೆ. ಸೋಪಿಗೆ ಸುಲಭವಾಗಿ ಜಗ್ಗುವಂಥದ್ದಲ್ಲ ಅದು.

ಬೆಳಿಗ್ಗೆ ಸೀಟು ಹಿಂದೆ ಸರಿದಿತ್ತು. ಒಳಗೆ ಬಂದು ಕೈಗಳನ್ನು ನೋಡುತ್ತಾ ಹೋದೆ. ಪೇಪರ್ ಹಿಡಿದಿದ್ದ ಗಂಡನ ಬೆರಳು ಶುಭ್ರ. ಉಗುರು ಕತ್ತರಿಸಿಕೊಡುತ್ತೇನೆ ಎಂಬ ನೆಪದಲ್ಲಿ ಅತ್ತೆಯ ಕೈ ಹಿಡಿದೆ. ಇದೇನು ಹೊಸ ಪ್ರೀತಿ ಎಂದು ಅವರೂ ನನ್ನನ್ನು ಅನುಮಾನದಿಂದ ನೋಡಿದರು. ಅವರದೂ ಶುಭ್ರ. ಅಷ್ಟರಲ್ಲಿ ಅಮ್ಮ ಟೀ ತಂದುಕೊಟ್ಟಳು. ಬಿಳಿ ಕಪ್ಪಿನ ಮೇಲೆ ಕರಿ ಹೆಬ್ಬೆರಳಿನ ಗುರುತು ಇತ್ತು.

"ಹುಷಾರಾಗಿ ಹೋಗು ಮಗಳೇ."

ಕಪ್ಪು ಕೆಳಗಿಟ್ಟೆ. ಅಡುಗೆಮನೆಗೆ ಕರೆದೊಯ್ದು ಅವಳ ಅಂಗೈ ತಿರುಗಿಸಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಯಾಕಮ್ಮಾ?"

"ನಾನು ಹೊಲಿಗೆ ಅಂಗಡಿ ಹಾಕಿದಾಗ ನಿಮ್ಮಪ್ಪನ್ನ ಹೆಂಡ್ತಿ ದುಡಿಮೇಲಿ ಕೂತು ತಿನ್ನೋನು ಅಂತ ಎಲ್ರೂ ಆಡ್ಕೊಂಡ್ರು. ಅವರು ಮನೆ ಬಿಟ್ಟು ಹೋಗಿದ್ದು ಅದಕ್ಕೇ. ನಿನಗೂ ಹಾಗಾಗೋದು ಬೇಡ ಅಂತ."

"ನಾನು ಎಲ್ಲಾದ್ರೂ ಗುದ್ದಿದ್ರೆ?"

"ಅಷ್ಟು ದೂರ ಹೋಗಲ್ಲ ಅಂದ್ಕೊಂಡಿದ್ದೆ. ನಿನ್ನ ಕೈಲಾಗಲ್ಲ ಅಂತ ನಿನಗೇ ಅನ್ನಿಸಿ ಬಿಟ್ಟುಬಿಡ್ತೀಯ ಅಂದ್ಕೊಂಡೆ."

ಅತ್ತೆ ಮೂಗು ಮುರಿದದ್ದು ನನ್ನೆದುರಿಗೇ. ನನ್ನ ಕೈಲಾಗದು ಎಂದು ನನ್ನಿಂದಲೇ ಅನ್ನಿಸಲು ಹೊರಟವಳು ಹೆತ್ತ ತಾಯಿ. ಸಿಟ್ಟು ಬಂತು, ಅಳುವೂ ಬಂತು. ಅವಳನ್ನು ನೋಡಿ ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಟೀ ಮುಟ್ಟದೆ ಹೊರಟು, ಗ್ರೀಸು ಮೆತ್ತಿದ ಹಿಡಿಯೆತ್ತಿ ಸೀಟನ್ನು ಮುಂದಕ್ಕೆ ಎಳೆದುಕೊಂಡೆ.

ಪರೀಕ್ಷೆಯ ಅಧಿಕಾರಿ ನನ್ನ ಕರಿ ಕೈ ನೋಡಿ, ಗಾಡಿ ರಿಪೇರಿಯೂ ನೀವೇ ಮಾಡ್ತೀರಾ ಎಂದು ಕೇಳಿದರು. ಹೌದು ಎಂದೆ. ವ್ಯಾನು ಒಂದು ಸಲವೂ ನಿಲ್ಲಲಿಲ್ಲ. ಪಾಸಾದೆ.

ಈಗ ಮಕ್ಕಳು ನನ್ನ ವ್ಯಾನಿನಲ್ಲೇ ಹೋಗುತ್ತಾರೆ. ಗಂಡ ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ಹೋಗಲು ಮಂಡಿ ಬಿಡಬೇಕಲ್ಲ ಎಂದು ಅವರೇ ನಗುತ್ತಾರೆ. ಸೀಟು ಆಮೇಲೆ ಒಮ್ಮೆಯೂ ಸರಿದಿಲ್ಲ. ಆದರೂ ದಿನಾ ಬಗ್ಗಿ ಆ ಹಿಡಿ ಮುಟ್ಟಿ, ಬ್ರೇಕು ತುಳಿದು ನೋಡಿಯೇ ಹೊರಡುತ್ತೇನೆ. ಅಮ್ಮ ಟೀ ಕೊಟ್ಟರೆ ಕಪ್ಪನ್ನು ಒಂದು ಸುತ್ತು ತಿರುಗಿಸಿ ನೋಡಿ ಕುಡಿಯುತ್ತೇನೆ. ಅವಳು ಅದನ್ನು ಗಮನಿಸುತ್ತಾಳೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ.