ಅರ್ಧವೇ ಕಾಣುತ್ತಿದ್ದ ಲಿಂಗ

ಯಾದಗಿರಿಯ ಆ ಸ್ಕ್ಯಾನ್ ಸೆಂಟರಿನಲ್ಲಿ ಎಂ.ಆರ್.ಐ. ಯಂತ್ರ ನಡೆಸುವ ಪಂಚಶೀಲಾ ದೋರನಹಳ್ಳಿಯ ಕೂಲಿಕಾರರ ಮಗಳು. ಕೆಲಸದಲ್ಲಿ ಮಹಾ ಗಟ್ಟಿಗಿತ್ತಿ. ಕಿರುಚುವ ಕೂಸುಗಳನ್ನೂ, ಅಪ್ಪನ ಮಾತನ್ನೇ ಕೇಳದ ಗೌಡರ ಮಕ್ಕಳನ್ನೂ ಅಲುಗಾಡದಂತೆ ಮಲಗಿಸಿದವಳು. ಅವಳ ಕೈಗೆ ಬಂದ ರೋಗಿ ಚಿತ್ರ ತೆಗೆಸಿಕೊಳ್ಳದೆ ಎದ್ದುಹೋದದ್ದೇ ಇಲ್ಲ. ಅಂಥವಳ ಎದುರು ಆ ಸೋಮವಾರ ಕಕ್ಕೇರಾದ ಕಿರಾಣಿ ವ್ಯಾಪಾರಿ ಅಮರಪ್ಪನ ಹೆಂಡತಿ ಅನ್ನಮ್ಮ ಬಾಗಿಲಲ್ಲೇ ಪಟ್ಟು ಹಿಡಿದು ನಿಂತಳು.

ಅನ್ನಮ್ಮನಿಗೆ ಎರಡು ತಿಂಗಳಿಂದ ತಲೆನೋವು, ಬೆಳಗಾದರೆ ವಾಂತಿ. ಮಿದುಳಿನಲ್ಲಿ ಗಡ್ಡೆ ಇರಬಹುದು, ಸ್ಕ್ಯಾನ್ ಆಗದೆ ಯಾವ ಸರ್ಜನ್ನೂ ಕೈಹಚ್ಚುವುದಿಲ್ಲ, ತಡ ಮಾಡಿದರೆ ಕಣ್ಣೇ ಹೋದೀತು ಎಂದು ಸುರಪುರದ ಡಾಕ್ಟರು ಖಡಾಖಂಡಿತ ಹೇಳಿದ್ದರು. ಆದರೆ ಆ ಯಂತ್ರ ಎಂದರೆ ದೊಡ್ಡದೊಂದು ಅಯಸ್ಕಾಂತ. ಮೈಮೇಲೆ ಲೋಹ ಇರಕೂಡದು. ಅನ್ನಮ್ಮ ಮೂಗುತಿ, ಕಾಲುಂಗುರ, ಕೊನೆಗೆ ತಾಳಿಯನ್ನೂ ಬಿಚ್ಚಿ ಚೂರೂ ಅಳುಕದೆ ಗಂಡನ ಕೈಗೆ ಹಾಕಿದಳು. ಕೊರಳಿನ ಇಷ್ಟಲಿಂಗದ ಮಾತು ಬಂದಾಗ ಮಾತ್ರ ಎರಡೂ ಕೈಯಿಂದ ಅದನ್ನು ಅವುಚಿಕೊಂಡಳು.

"ಜೀವ ಇರೋತನ ಇದು ಮೈ ಬಿಡಂಗಿಲ್ಲ," ಎಂದಳು. ಇದೇ ಕಾರಣಕ್ಕೆ ಇನ್ನೊಂದು ಊರಿನ ಸೆಂಟರಿನಿಂದ ಒಮ್ಮೆ ತಿರುಗಿ ಬಂದಾಗಿತ್ತು.

ಲಿಂಗ ಇಟ್ಟ ಕರಡಿಗೆ ಅಸಲು ಬೆಳ್ಳಿಯದು, ಅಯಸ್ಕಾಂತ ಹಿಡಿಯುವ ಮಾತೇ ಇಲ್ಲ ಎಂದು ಅಮರಪ್ಪ ವಾದಕ್ಕೆ ಬಿದ್ದ. ಪಂಚಶೀಲಾ ಕೈ ಅಯಸ್ಕಾಂತ ತಂದು ಹತ್ತಿರ ಹಿಡಿದಳು. ಕರಡಿಗೆಯ ಕೀಲು ಟಕ್ಕೆಂದು ಅಂಟಿಕೊಂಡಿತು. ಅಮರಪ್ಪ ಫ್ಯಾನು ನೋಡತೊಡಗಿದ.

ಜಗಳಕ್ಕಿಳಿದರೆ ಈ ಹೆಂಗಸು ಇನ್ನೊಮ್ಮೆ ತಿರುಗಿ ಹೋಗುತ್ತಾಳೆ, ಕಣ್ಣು ಕಳೆದುಕೊಳ್ಳುತ್ತಾಳೆ. ಪಂಚಶೀಲಾಳಿಗೆ ಅದು ಸ್ಪಷ್ಟವಿತ್ತು. ಒಳಗೆ ಬಿಡಬಾರದ್ದು ಲೋಹವನ್ನು, ದೇವರನ್ನಲ್ಲ. ಲಿಂಗವನ್ನು ಕರಡಿಗೆಯಿಂದ ನೀವೇ ಹೊರಗೆ ತೆಗೆಯಿರಿ, ನಾನು ಮುಟ್ಟುವುದಿಲ್ಲ ಎಂದು ಹೇಳಿ, ಅಯಸ್ಕಾಂತವನ್ನು ಸುತ್ತಲೂ ಆಡಿಸಿ ನೋಡಿದಳು. ಲಿಂಗ ಮಿಸುಕಲಿಲ್ಲ. ಒಳಗಿದ್ದ ಸೆಂಟರಿನ ಡಾಕ್ಟರ್ ಸುನೀಲಕುಮಾರರನ್ನು ಕೇಳಿ ಒಪ್ಪಿಗೆಯನ್ನೂ ತಂದಳು.

"ಕರಡಿಗಿ ಹೊರಗಿರಲಿ. ಲಿಂಗ ಎಡಗೈಯಾಗ ಹಿಡ್ಕೊಂಡು ಮಲಗ್ರಿ. ಪೂಜಾದಾಗ ಹಿಡೀತೀರಲ್ಲ, ಹಂಗ."

ಅನ್ನಮ್ಮನ ಮುಖ ಅರಳಬೇಕಿತ್ತು, ಬದಲಿಗೆ ಇನ್ನಷ್ಟು ಬಾಡಿತು. ಗಂಡ ಆಚೆ ಸರಿಯುವುದನ್ನೇ ಕಾದು ಮೆಲ್ಲಗೆ ಹೇಳಿದಳು: "ಮೂರು ತಿಂಗಳಾತವ್ವ, ಪೂಜಾಕ್ಕ ಕುಂತ್ರ ಲಿಂಗ ಅರ್ಧಾನೇ ಕಾಣಕತ್ತದ. ನನ್ನ ಭಕ್ತಿ ಕಮ್ಮಿ ಆಗ್ಯದ. ಹಿಂತಾದ್ರಾಗ ಬಿಚ್ಚಿನೂ ಇಟ್ರ ಶಿವ ನನ್ನ ಪೂರಾ ಬಿಡ್ತಾನ."

ಈ ಮಾತನ್ನು ಅವಳು ಡಾಕ್ಟರಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ. ಪಂಚಶೀಲಾಳ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಶಿವ ಯಾರನ್ನು ಬಿಡುತ್ತಾನೆ, ಯಾರನ್ನು ಹಿಡಿಯುತ್ತಾನೆ ಎಂಬುದು ಅವಳಿಗೆ ತಿಳಿಯದು. ಕಣ್ಣಿನ ನರ ಒತ್ತಿಕೊಂಡರೆ ವಸ್ತು ಅರ್ಧ ಕಾಣುತ್ತದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಚಿತ್ರ ಬರುವ ಮೊದಲೇ ಬಾಯಿಬಿಡುವುದು ಅವಳ ಕೆಲಸವಲ್ಲ. ಅರ್ಧವೇ ಕಾಣುತ್ತಿದೆಯಂತೆ ಎಂದು ಡಾಕ್ಟರ ಕಣ್ಣಿಗೆ ಬೀಳುವಂತೆ ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಳು. ಲಿಂಗ ಬಿಚ್ಚಿಡುವುದಿಲ್ಲ, ನಿಮ್ಮ ಕೈಯಲ್ಲೇ ಇರುತ್ತದೆ ಎಂದು ಅನ್ನಮ್ಮನನ್ನು ಒಪ್ಪಿಸಿ ಮಲಗಿಸಿದಳು.

ಯಂತ್ರ ಇಪ್ಪತ್ತೈದು ನಿಮಿಷ ಬಡಬಡ ಬಡಿದುಕೊಂಡಿತು. ದಿನಾ ಬೆಳಿಗ್ಗೆ ಪೂಜೆಗೆ ಉಸಿರು ಬಿಗಿಹಿಡಿದು ಕೂತು ರೂಢಿಯಾದ ಅನ್ನಮ್ಮ ಒಂದಿಷ್ಟೂ ಅಲುಗಲಿಲ್ಲ. ಚಿತ್ರಗಳು ಎಷ್ಟು ಚೊಕ್ಕಟವಾಗಿ ಬಂದವೆಂದರೆ, ಗಡ್ಡೆಯ ಅಂಚು ಗೆರೆ ಎಳೆದಂತೆ ಕಾಣುತ್ತಿತ್ತು.

ಸುನೀಲಕುಮಾರ ಗಂಡಹೆಂಡಿರನ್ನು ಕೂರಿಸಿಕೊಂಡು ಪರದೆ ತೋರಿಸಿದರು. ಗಡ್ಡೆ ನೆಲ್ಲಿಕಾಯಿಯಷ್ಟಿದೆ, ಮಿದುಳಿನ ಒಳಗಲ್ಲ, ಹೊರಪೊರೆಯ ಮೇಲೆ. ಇಂಥವು ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ, ಕಲಬುರಗಿಯಲ್ಲೇ ತೆಗೆಯುತ್ತಾರೆ. ಕಣ್ಣಿನ ನರವನ್ನು ಅದು ಒತ್ತುತ್ತಿರುವುದರಿಂದಲೇ ಅರ್ಧ ಕಾಣುತ್ತಿರುವುದು, ಬೇಗ ತೆಗೆಸಿದರೆ ದೃಷ್ಟಿ ತಿರುಗಿ ಬರಬಹುದು ಎಂದರು.

ಅನ್ನಮ್ಮ ಕತ್ತಿಯ ಬಗ್ಗೆ ಕೇಳಲಿಲ್ಲ, ಜೀವದ ಬಗ್ಗೆಯೂ ಕೇಳಲಿಲ್ಲ. ಪಂಚಶೀಲಾಳ ಕಡೆಗೆ ತಿರುಗಿದಳು.

"ಹಂಗಾದ್ರ ನನ್ನ ಭಕ್ತಿ ಕಮ್ಮಿ ಆಗಿಲ್ಲೇನವ್ವ?"

"ಇಲ್ರಿ. ಗಡ್ಡಿ ಬೆಳದದ, ಅಷ್ಟ."

ಅನ್ನಮ್ಮ ಸೆರಗು ಮುಖಕ್ಕೆ ಹಿಡಿದು ಮೂರು ತಿಂಗಳ ಅಳುವನ್ನೆಲ್ಲ ಅಲ್ಲೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಂಡನಿಗೆ ಹೇಳಿದಳು: "ನಾಳೇನೇ ಕಲಬುರಗಿಗೆ ನಡೀರಿ. ಆಪರೇಷನ್ ಹೊತ್ತಿಗೆ ಲಿಂಗ ನಿಮ್ಮ ಕೈಯಾಗ ಕೊಡ್ತೀನಿ."

ಅಮರಪ್ಪ ಆಗಲೇ ಕೈಗಳನ್ನು ಧೋತರಕ್ಕೆ ಒರೆಸಿಕೊಳ್ಳತೊಡಗಿದ.